ಬೆಲ್ಲಕ್ಕೆ ಅಮೈನೋ ಕಾಲಮ್ಮೋ, ಕ್ಯಾಲ್ಸಿಯಂ ಕಾಲಮ್ಮೋ?

ಮಂಡ್ಯದ ಆಲೆಮನೆಗಳಿಂದ ಬರುವ ಬೆಲ್ಲದಲ್ಲಿ ಸುಕ್ರೋಸ್ ಎಷ್ಟು, ಗ್ಲೂಕೋಸ್, ಫ್ರಕ್ಟೋಸ್ ಎಷ್ಟು ಎಂದು ಅಳೆಯುವುದು ನನ್ನ ದಿನನಿತ್ಯದ ಕೆಲಸ. ಎಚ್‌ಪಿಎಲ್‌ಸಿ (ದ್ರವದಲ್ಲಿ ಕರಗಿದ್ದನ್ನು ಒತ್ತಡದಲ್ಲಿ ಹರಿಸಿ ಬೇರ್ಪಡಿಸುವ ಯಂತ್ರ) ಒಂದು, ಆರ್‌ಐ ಡಿಟೆಕ್ಟರ್ (ಬೆಳಕು ಬಾಗುವುದನ್ನು ನೋಡಿ ಸಕ್ಕರೆ ಅಳೆಯುವ ಭಾಗ) ಒಂದು, ಕಾಲಮ್ (ಬೇರ್ಪಡಿಕೆ ನಡೆಯುವ ಕೊಳವೆ) ಎರಡು: ಒಂದರೊಳಗೆ ಅಮೈನೋ ಗುಂಪುಗಳು, ಇನ್ನೊಂದರ ರೆಸಿನ್‌ನಲ್ಲಿ ಕ್ಯಾಲ್ಸಿಯಂ. ಒಂದೇ ಅಚ್ಚು ಬೆಲ್ಲವನ್ನು ಎರಡರಲ್ಲೂ ಓಡಿಸಿ ನೋಡಿದ್ದೇನೆ. ಸಕ್ಕರೆಗಳನ್ನು ಬೇರ್ಪಡಿಸುವುದರಲ್ಲಿ ಎರಡೂ ಗಟ್ಟಿ. ಕೆಡುವ ಬಗೆ ಮಾತ್ರ ಬೇರೆ ಬೇರೆ.

ಅಮೈನೋ ಕಾಲಮ್ಮಿಗೆ ಅಸಿಟೋನೈಟ್ರೈಲ್ ಎಂಬ ದ್ರಾವಕ 75 ಪಾಲು, ನೀರು 25 ಪಾಲು, ಹರಿವು ನಿಮಿಷಕ್ಕೆ 1 ಮಿ.ಲೀ. ಮೊದಲು ಫ್ರಕ್ಟೋಸ್, ಆಮೇಲೆ ಗ್ಲೂಕೋಸ್, ಕೊನೆಗೆ ಸುಕ್ರೋಸ್. ಪೀಕ್‌ಗಳು (ಗ್ರಾಫಿನಲ್ಲಿ ಒಂದೊಂದು ಸಕ್ಕರೆಯ ಶಿಖರ) ಚೂಪಾಗಿ ಬರುತ್ತವೆ. ದಿನ ಕಳೆದಂತೆ ಮೂರೂ ಬೇಗ ಬೇಗ ಬರತೊಡಗಿದಾಗ ನಾನು ನೇರವಾಗಿ ಕಾಲಮ್ಮಿನ ಮೇಲೆ ತಪ್ಪು ಹೊರಿಸಿದ್ದೆ. ಅದು ಪೂರ್ತಿ ಸರಿಯಲ್ಲ. ಗ್ಲೂಕೋಸ್, ಫ್ರಕ್ಟೋಸ್‌ಗಳು ಅಮೈನೋ ಗುಂಪಿಗೆ ಅಂಟಿಕೊಂಡು ಕಾಲಮ್ಮನ್ನು ಸವೆಸುವುದು ನಿಜ. ಆದರೆ ಏಪ್ರಿಲ್ ಬಿಸಿಲಿಗೆ ಬಾಟಲಿಯಿಂದ ಅಸಿಟೋನೈಟ್ರೈಲ್ ಹಾರಿ ನೀರಿನ ಪಾಲು ಹೆಚ್ಚಿದರೂ ಲಕ್ಷಣ ಅದೇ. ಈಗ ಮೊದಲು ಹೊಸದಾಗಿ ಮೊಬೈಲ್ ಫೇಸ್ (ಕಾಲಮ್ಮಿನಲ್ಲಿ ಹರಿಯುವ ಈ ಮಿಶ್ರಣ) ಬೆರೆಸಿ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ಸಕ್ಕರೆ ದ್ರಾವಣ) ಓಡಿಸುತ್ತೇನೆ. ಸಮಯ ಹಿಂದಿನಂತಾದರೆ ತಪ್ಪು ಬಾಟಲಿಯದು, ಆಗದಿದ್ದರೆ ಕಾಲಮ್ಮಿನದು.

ಇನ್ನೊಂದು ಕಾಟ ಒತ್ತಡ. ಆಲೆಮನೆಯಲ್ಲಿ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕಿ ಕಲ್ಮಶ ತೆಗೆಯುತ್ತಾರೆ. ಅದರ ಅಂಟು ಬೆಲ್ಲದಲ್ಲಿ ಉಳಿದಿದ್ದರೆ ಅಸಿಟೋನೈಟ್ರೈಲ್ ತಾಗಿದೊಡನೆ ಗರಣೆಕಟ್ಟಿ ಕಾಲಮ್ಮಿನ ಬಾಯಲ್ಲೇ ಕೂತು ಒತ್ತಡ ಏರಿಸುತ್ತದೆ. ಹಾಗಾಗಿ ತೆಳುವಾದ ಬೆಲ್ಲದ ನೀರಿಗೆ ಮೊದಲೇ ಅಸಿಟೋನೈಟ್ರೈಲ್ ಬೆರೆಸಿ, ಸ್ವಲ್ಪ ಹೊತ್ತು ಬಿಟ್ಟು, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತೇನೆ. ಗಟ್ಟಿಯಾಗುವುದೆಲ್ಲ ಹೊರಗೇ ಗಟ್ಟಿಯಾಗಲಿ.

ಕ್ಯಾಲ್ಸಿಯಂ ಕಾಲಮ್ಮಿಗೆ ಬರಿಯ ಶುದ್ಧ ನೀರು ಸಾಕು, 80 ಡಿಗ್ರಿ ಶಾಖ, ನಿಮಿಷಕ್ಕೆ 0.6 ಮಿ.ಲೀ. ಇಲ್ಲಿ ಸರದಿ ತಿರುಗುಮುರುಗು: ಸುಕ್ರೋಸ್ ಮುಂದೆ, ಫ್ರಕ್ಟೋಸ್ ಹಿಂದೆ. ದುಬಾರಿ ಅಸಿಟೋನೈಟ್ರೈಲ್ ಬೇಡ, ಅದನ್ನು ಎಲ್ಲಿ ವಿಲೇವಾರಿ ಮಾಡುವುದೆಂಬ ಚಿಂತೆಯೂ ಇಲ್ಲ. ಆದರೆ ಬೆಲ್ಲದಲ್ಲಿ ಪೊಟ್ಯಾಸಿಯಂ ಹೇರಳ. ಅದು ಕ್ಯಾಲ್ಸಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಫ್ರಕ್ಟೋಸ್ ಪೀಕ್ ಗ್ಲೂಕೋಸ್‌ನತ್ತ ಸರಿಯುತ್ತದೆ. ಲವಣ ಹಿಡಿಯುವ ಗಾರ್ಡ್ ಕಾಲಮ್ ಮುಂದಿಟ್ಟರೆ ಇದು ನಿಧಾನವಾಗುತ್ತದೆ. ಸರಿದ ಮೇಲೆ, ತಯಾರಕರ ಕೈಪಿಡಿಯಲ್ಲಿ ಹೇಳಿದಂತೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣವನ್ನು ಬಹಳ ನಿಧಾನವಾಗಿ ರಾತ್ರಿಯಿಡೀ ಹರಿಸಿದರೆ ಕಾಲಮ್ ಮತ್ತೆ ಚೇತರಿಸಿಕೊಳ್ಳುತ್ತದೆ. ಸವೆದ ಅಮೈನೋ ಕಾಲಮ್ಮಿಗೆ ಈ ಭಾಗ್ಯವಿಲ್ಲ. ನನಗೆ ಮುಖ್ಯವಾದದ್ದು ಇದೇ.

ಕರೆಂಟ್ ಹೋದಾಗ ಮಾತ್ರ ಜೋಪಾನ. ನಮ್ಮಲ್ಲಿ ಪಂಪು ಯುಪಿಎಸ್ ಮೇಲಿದೆ, ಕಾಲಮ್ಮನ್ನು ಬಿಸಿಯಾಗಿಡುವ ಓವನ್ ಯುಪಿಎಸ್ ಮೇಲಿಲ್ಲ. ಓವನ್ ಆರಿದಂತೆ ನೀರು ದಪ್ಪವಾಗಿ ಒತ್ತಡ ಏರುತ್ತದೆ. ಒಳಗಿನ ರೆಸಿನ್ ಮೆದು, ಒತ್ತಿದರೆ ಕುಗ್ಗುತ್ತದೆ. ತಕ್ಷಣ ಹರಿವನ್ನು 0.2ಕ್ಕೆ ಇಳಿಸಬೇಕು, ಓವನ್ ಮತ್ತೆ ಬಿಸಿಯಾಗುವ ತನಕ ಏರಿಸಬಾರದು. ನೀರನ್ನೂ ಅಂದಂದೇ ತುಂಬಿ, ಗಾಳಿ ತೆಗೆಯಬೇಕು. ಎರಡು ಮೂರು ದಿನದ ನೀರಿನಲ್ಲಿ ಸೂಕ್ಷ್ಮಜೀವಿ ಬೆಳೆದು ಫ್ರಿಟ್ (ಕಾಲಮ್ಮಿನ ತುದಿಯ ಸಣ್ಣ ಜರಡಿ) ಕಟ್ಟಿಕೊಳ್ಳುತ್ತದೆ.

ಸಂಕ್ರಾಂತಿಯ ಮುಂಚೆ ಬೆಲ್ಲ ರಾಶಿರಾಶಿಯಾಗಿ ಬರುವಾಗ ನನ್ನ ಯಂತ್ರದಲ್ಲಿರುವುದು ಕ್ಯಾಲ್ಸಿಯಂ ಕಾಲಮ್ಮೇ. ನಿಂಬೆಹುಳಿಯ ಪಾನಕ ಬಂದ ದಿನ ಅಮೈನೋಗೆ ಹೋಗುತ್ತೇನೆ: ಹುಳಿ ಕ್ಯಾಲ್ಸಿಯಂ ಅನ್ನು ಕಿತ್ತರೆ, ಆ 80 ಡಿಗ್ರಿ ಶಾಖದಲ್ಲಿ ಸುಕ್ರೋಸ್ ಕಾಲಮ್ಮಿನೊಳಗೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಹೊರಬರುತ್ತದೆ.