ಒಂದೇ ಕರಡು, ಮೂರು ಪರದೆ: ಟಿಎನ್, ಐಪಿಎಸ್, ಓಎಲ್‌ಇಡಿ

ನನ್ನ ಕೆಲಸ ಕರಡು ತಿದ್ದುವುದು. ದಿನಕ್ಕೆ ಏಳೆಂಟು ಗಂಟೆ ಲ್ಯಾಪ್‌ಟಾಪಿನಲ್ಲಿ ಕನ್ನಡ ಪುಟಗಳನ್ನು ಓದುತ್ತೇನೆ. ಹನ್ನೆರಡು ವರ್ಷದಲ್ಲಿ ಮೂರು ಯಂತ್ರ ಬದಲಾದವು, ಮೂರರದ್ದೂ ಬೇರೆ ಬೇರೆ ಬಗೆಯ ಪರದೆ. ಮೂರೂ ಇನ್ನೂ ಕೆಲಸ ಮಾಡುತ್ತಿವೆ. ಹಾಗಾಗಿ ಹೋದ ತಿಂಗಳು ಮೂರನ್ನೂ ಒಂದೇ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಒಂದೇ ಪುಟವನ್ನು ತೆರೆದು ಓದಿದೆ, ಸ್ಕೇಲು ಹಿಡಿದು ಅಳೆದೆ.

ಹಳೆಯದು 15.6 ಇಂಚಿನ ಟಿಎನ್ ಪರದೆ, 16:9 ಆಕಾರ (ಅಗಲ 16 ಪಾಲಾದರೆ ಎತ್ತರ 9), 1366×768 ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕಿಗಳು. ನಡುವಿನದು 13.5 ಇಂಚಿನ ಐಪಿಎಸ್, 3:2 ಆಕಾರ, 2256×1504. ಹೊಸದು 14 ಇಂಚಿನ ಓಎಲ್‌ಇಡಿ, 16:10 ಆಕಾರ, 2880×1800. ಟಿಎನ್, ಐಪಿಎಸ್ ಎರಡೂ ಎಲ್‌ಸಿಡಿಯ ಬಗೆಗಳು, ಹಿಂದಿನ ದೀಪದಿಂದ (ಬ್ಯಾಕ್‌ಲೈಟ್) ಬೆಳಗುತ್ತವೆ. ಓಎಲ್‌ಇಡಿಗೆ ಆ ದೀಪ ಇಲ್ಲ.

ಮೊದಲು ಆಕಾರದ ವಿಷಯ ಹೇಳುತ್ತೇನೆ. ಕೊಳ್ಳುವಾಗ ನಾವೆಲ್ಲ ಎಷ್ಟು ಇಂಚು ಅಂತ ಕೇಳುತ್ತೇವೆ, ಅಲ್ವಾ? ಆ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. ಪರದೆ ಎಷ್ಟು ಎತ್ತರ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ನನ್ನ 15.6 ಇಂಚಿನ ಪರದೆ 34.5 ಸೆಂ.ಮೀ. ಅಗಲ, 19.4 ಸೆಂ.ಮೀ. ಎತ್ತರ ಇದೆ. 13.5 ಇಂಚಿನದು 28.5 ಅಗಲ, 19 ಎತ್ತರ. ಅಗಲದಲ್ಲಿ ಪೂರಾ 6 ಸೆಂ.ಮೀ. ಕಡಿಮೆ, ಎತ್ತರದಲ್ಲಿ ಬರೀ 4 ಮಿಲಿಮೀಟರ್! 14 ಇಂಚಿನ 16:10 ಪರದೆಯ ಎತ್ತರ 18.8 ಸೆಂ.ಮೀ. ಅದೇ 14 ಇಂಚು 16:9 ಆಗಿದ್ದರೆ ಎತ್ತರ 17.4ಕ್ಕೆ ಇಳಿಯುತ್ತದೆ.

ಕನ್ನಡ ಓದುವವರಿಗೆ ಈ ಎತ್ತರ ಬಹಳ ಮುಖ್ಯ. ನಮ್ಮ ಅಕ್ಷರ ಮೇಲೂ ಬೆಳೆಯುತ್ತದೆ, ಕೆಳಗೂ ಇಳಿಯುತ್ತದೆ. 'ಸ್ತ್ರೀ' ಅನ್ನುವ ಒಂದೇ ಅಕ್ಷರ ನೋಡಿ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಒಂದು ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಅಷ್ಟು ಬಿಟ್ಟರೆ 16:9 ಪರದೆಯಲ್ಲಿ ಸಾಲುಗಳು ಬೇಗ ಮುಗಿದುಹೋಗುತ್ತವೆ. ಹಳೆಯ ಯಂತ್ರದ 768 ಪಿಕ್ಸೆಲ್ ಎತ್ತರದಲ್ಲಿ ಮೆನು, ಟೂಲ್‌ಬಾರ್, ಟಾಸ್ಕ್‌ಬಾರ್ ಎಲ್ಲ ಸೇರಿ ಸುಮಾರು ಮೂರನೇ ಒಂದು ಪಾಲು ತಿನ್ನುತ್ತಿದ್ದವು. ಪುಟದ ಎಡಕ್ಕೂ ಬಲಕ್ಕೂ ಮಾತ್ರ ಖಾಲಿ ಜಾಗ ಸುಮ್ನೆ ಬಿದ್ದಿರುತ್ತಿತ್ತು. ಒಂದು ಪ್ಯಾರಾ ಓದುವಷ್ಟರಲ್ಲಿ ಎರಡು ಸಲ ಸ್ಕ್ರಾಲ್ ಮಾಡಬೇಕು. 3:2 ಪರದೆಗೆ ಬಂದ ಮೊದಲ ವಾರವೇ ಬೆರಳಿಗೆ ಕೆಲಸ ಕಡಿಮೆಯಾಯಿತು. ಆಮೇಲೆ 16:9ಕ್ಕೆ ವಾಪಸು ಹೋಗಲು ಮನಸ್ಸು ಬರಲಿಲ್ಲ.

3:2ರ ಕೊರತೆಯೂ ಇದೆ. ಮೂಲ ಒಂದು ಕಡೆ, ಅನುವಾದ ಇನ್ನೊಂದು ಕಡೆ ಇಟ್ಟುಕೊಂಡರೆ 28.5 ಸೆಂ.ಮೀ. ಇಕ್ಕಟ್ಟಾಗುತ್ತದೆ. ಅಂಥ ಕೆಲಸಕ್ಕೆ 16:10 ವಾಸಿ. ಇನ್ನು ವಿಡಿಯೊ ಹೆಚ್ಚಾಗಿ 16:9ರಲ್ಲೇ ಇರುತ್ತದೆ. ಹಾಗಾಗಿ ನನ್ನ 3:2 ಪರದೆಯಲ್ಲಿ ಮೇಲೆ ಕೆಳಗೆ ಒಂದೂವರೆ ಸೆಂ.ಮೀ. ಅಗಲದ ಕಪ್ಪು ಪಟ್ಟಿ ಬರುತ್ತದೆ. 16:10ರಲ್ಲಿ ಅದು ಒಂದು ಸೆಂ.ಮೀ.ಗಿಂತ ಕಡಿಮೆ.

ಅಕ್ಷರದ ಸ್ಪಷ್ಟತೆಗೆ ಬಂದರೆ, ನನಗೆ ಪಾಠ ಕಲಿಸಿದ್ದು ಒಂದು ಚುಕ್ಕಿ. 'ಅರ್ಥ' ಮತ್ತು 'ಅರ್ಧ' ನಡುವೆ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕಿ ಮಾತ್ರ. ಟಿಎನ್ ಪರದೆಯಲ್ಲಿ ಒಂದು ಇಂಚಿಗೆ ಸುಮಾರು 100 ಪಿಕ್ಸೆಲ್. ಸಣ್ಣ ಅಕ್ಷರದಲ್ಲಿ ಆ ಚುಕ್ಕಿ ಮಸುಕಾಗಿ ಎರಡೂ ಒಂದೇ ಥರ ಕಾಣುತ್ತವೆ. ಒಮ್ಮೆ 'ಅರ್ಧವಾಯಿತು' ಅಂತ ಇದ್ದದ್ದನ್ನು 'ಅರ್ಥವಾಯಿತು' ಅಂತಲೇ ಓದಿಕೊಂಡು ಮುಂದೆ ಹೋದೆ. ಅದು ಹಾಗೇ ಅಚ್ಚಾಯಿತು. ಆ ಬೇಸರ ಇವತ್ತಿಗೂ ಇದೆ. ಐಪಿಎಸ್ ಪರದೆಯಲ್ಲಿ ಇಂಚಿಗೆ 200 ಪಿಕ್ಸೆಲ್. ಅಲ್ಲಿ ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತದೆ. ಓಎಲ್‌ಇಡಿಯಲ್ಲಿ 242. ಆದರೆ 200ಕ್ಕೂ 242ಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಜಾಸ್ತಿ ಪಿಕ್ಸೆಲ್ ಅಂದರೆ ಬ್ಯಾಟರಿಯ ಮೇಲೂ ಜಾಸ್ತಿ ಹೊರೆ.

ಟಿಎನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರದೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದರೆ ಬಣ್ಣ ತಿರುವುಮುರುವಾಗುತ್ತದೆ. ಪಕ್ಕದಲ್ಲಿ ಕೂತವರಿಗೆ ಪುಟ ಸರಿಯಾಗಿ ಕಾಣುವುದಿಲ್ಲ. ಇದೇ ತೊಂದರೆ ನೀಗಿಸಲು ಹಿಟಾಚಿ ಕಂಪನಿ 1996ರಲ್ಲಿ ಐಪಿಎಸ್ ತಂತ್ರವನ್ನು ತಂದಿತು. ಅದರಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಕದಲುವುದಿಲ್ಲ. ಕಪ್ಪು ಮಾತ್ರ ಪೂರಾ ಕಪ್ಪಲ್ಲ. ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಲೇ ಇರುವುದರಿಂದ ಕತ್ತಲ ಕೋಣೆಯಲ್ಲಿ ಅದು ಬೂದಿ ಬಣ್ಣದಂತೆ ಕಾಣುತ್ತದೆ. ಮೂಲೆಗಳಲ್ಲಿ ಸಣ್ಣ ಹೊಳಪೂ ಇರುತ್ತದೆ. ಐಪಿಎಸ್ ಅಂದಕೂಡಲೇ ಎಲ್ಲವೂ ಚೆನ್ನ ಅಂತಲೂ ಅಲ್ಲ. ವಿವರ ಪಟ್ಟಿಯಲ್ಲಿ '45% ಎನ್‌ಟಿಎಸ್‌ಸಿ' ಅಂತ ಕಂಡರೆ ಬಣ್ಣ ಪೇಲವ ಎಂದೇ ತಿಳಿಯಿರಿ. ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಎರಡೂ ಪರದೆ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದರ ಅಳತೆಗೋಲುಗಳು. ಆ 45% ಅಂದರೆ ಎಸ್‌ಆರ್‌ಜಿಬಿ ಬಣ್ಣಗಳ ಮೂರನೇ ಎರಡು ಪಾಲಿಗಿಂತ ಕಡಿಮೆ. '100% ಎಸ್‌ಆರ್‌ಜಿಬಿ' ಇರುವುದನ್ನು ಹುಡುಕಿ.

ಓಎಲ್‌ಇಡಿಯನ್ನು ಮೊದಲ ಸಲ ಹಚ್ಚಿದ ರಾತ್ರಿ ನನಗೆ ಮರೆಯುವುದಿಲ್ಲ. ಇಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಬೇಕಾದಾಗ ಆರಿಯೇ ಹೋಗುತ್ತದೆ. ವಿಡಿಯೊದ ಕಪ್ಪು ಪಟ್ಟಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಫೋಟೊಗಳು, ಪುಸ್ತಕದ ಮುಖಪುಟದ ಬಣ್ಣಗಳು ಜೀವ ತುಂಬಿಕೊಂಡಂತೆ ಕಂಡವು. ಇನ್ನು ಇದೇ ಸಾಕು ಅನ್ನಿಸಿತು.

ಮೂರು ವಾರದಲ್ಲಿ ಕಣ್ಣು ಉರಿಯಲು ಶುರುವಾಯಿತು. ಸಂಜೆ ಬೆಳಕು ತಗ್ಗಿಸಿ ಓದಿದಾಗ ಮಾತ್ರ ಹೀಗಾಗುತ್ತಿತ್ತು. ಫೋನಿನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಹಾಕಿ ಪರದೆಯನ್ನು ಹಿಡಿದೆ. ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಓಡುತ್ತಿದ್ದವು. ಬೆಳಕು ತಗ್ಗಿಸಲು ಇಂಥ ಪರದೆಗಳು ಪಿಕ್ಸೆಲ್‌ಗಳನ್ನು ಒಂದೇ ಸಮನೆ ಆರಿಸಿ ಹಚ್ಚುತ್ತವೆ. ಇದಕ್ಕೆ ಪಿಡಬ್ಲ್ಯುಎಂ ಅನ್ನುತ್ತಾರೆ. ಎಷ್ಟೋ ಓಎಲ್‌ಇಡಿ ಲ್ಯಾಪ್‌ಟಾಪ್‌ಗಳಲ್ಲಿ ಇದು ಸೆಕೆಂಡಿಗೆ 240 ಸಲ ನಡೆಯುತ್ತದೆ. ನೇರವಾಗಿ ಕಾಣುವುದಿಲ್ಲ, ಆದರೆ ಕೆಲವರ ಕಣ್ಣು ತಲೆ ಎರಡಕ್ಕೂ ನೋವು ತರುತ್ತದೆ. ಕೆಲವು ಐಪಿಎಸ್ ಪರದೆಗಳಲ್ಲೂ ಈ ಮಿನುಗು ಇದೆ. ನನ್ನದರಲ್ಲಿ ಇಲ್ಲ.

ಬಾಳಿಕೆಯ ಪ್ರಶ್ನೆ ಇಲ್ಲೇ ಸಿಕ್ಕಿಹಾಕಿಕೊಳ್ಳುವುದು. ಓಎಲ್‌ಇಡಿಯ ಪಿಕ್ಸೆಲ್ ಉರಿದಷ್ಟೂ ಸವೆಯುತ್ತದೆ, ನೀಲಿ ಎಲ್ಲಕ್ಕಿಂತ ಬೇಗ. ದಿನವಿಡೀ ಒಂದೇ ಚಿತ್ರ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕಲೆ ಉಳಿಯುತ್ತದೆ. ಇದೇ ಬರ್ನ್-ಇನ್. ಅದು ಬೇಡವಾದರೆ ಬೆಳಕು ಕಡಿಮೆ ಇಡಬೇಕು. ಮಿನುಗು ಬೇಡವಾದರೆ ಬೆಳಕು ಹೆಚ್ಚು ಇಡಬೇಕು. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ ಎಳೆಯುತ್ತದೆ. ಕೊನೆಗೆ ನನಗೆ ಒಗ್ಗಿದ ದಾರಿ ಇದು: ಬ್ರೈಟ್‌ನೆಸ್ ಮೇಲಕ್ಕೇ ಇಟ್ಟು, ಚಿತ್ರವನ್ನೇ ಮಂಕು ಮಾಡುವ ತಂತ್ರಾಂಶ ಬಳಸುವುದು. ಬಣ್ಣ ತುಸು ತಗ್ಗುತ್ತದೆ, ಕಣ್ಣಿಗೆ ಹಿತ. ಟಾಸ್ಕ್‌ಬಾರ್ ತಾನೇ ಮರೆಯಾಗುವಂತೆ ಮಾಡಿದೆ. ಎರಡು ನಿಮಿಷ ಮುಟ್ಟದಿದ್ದರೆ ಪರದೆ ಆರುವಂತೆ ಇಟ್ಟೆ.

ಇಷ್ಟು ಮಾಡಿದರೂ ಮೂರನೇ ವರ್ಷದಲ್ಲಿ, ಪರದೆ ತುಂಬ ನಡುಬೂದು ಬಣ್ಣ ತುಂಬಿ ನೋಡಿದಾಗ, ಬಿಳಿ ಪುಟ ನಿಲ್ಲುತ್ತಿದ್ದ ಜಾಗದ ಅಂಚು ತೆಳ್ಳಗೆ ಕಾಣುತ್ತದೆ. ಕೆಲಸ ಮಾಡುವಾಗ ಅದು ಕಣ್ಣಿಗೆ ಬೀಳುವುದಿಲ್ಲ. ಆದರೆ ಕರಡು ಅಂದರೆ ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರ. ಅಚ್ಚಿನಲ್ಲಿ ಹೇಗೆ ಬರುತ್ತದೋ ಹಾಗೇ ನೋಡಬೇಕು, ಡಾರ್ಕ್ ಮೋಡ್ ಹಾಕುವಂತಿಲ್ಲ. ಬಿಳಿ ಹಾಳೆ ಅಂದರೆ ಓಎಲ್‌ಇಡಿಗೆ ಅತಿ ಹೆಚ್ಚು ದುಡಿಮೆ. ಸವೆತವೂ ಹೆಚ್ಚು, ಬ್ಯಾಟರಿ ಖರ್ಚೂ ಹೆಚ್ಚು.

ಎಲ್‌ಸಿಡಿಯೂ ಮುಪ್ಪಾಗುತ್ತದೆ, ಆದರೆ ನಿಧಾನವಾಗಿ, ಎಲ್ಲ ಕಡೆ ಸಮನಾಗಿ. ನನ್ನ ಟಿಎನ್ ಪರದೆಯ ಬ್ಯಾಕ್‌ಲೈಟ್ ಮಂಕಾಗಿದೆ. ಮೊದಲು ಅರ್ಧ ಬೆಳಕಿನಲ್ಲಿ ಓದುತ್ತಿದ್ದವನು ಈಗ ಪೂರ್ತಿ ಏರಿಸುತ್ತೇನೆ, ಅಷ್ಟೆ. ಐಪಿಎಸ್ ಕಷ್ಟ ಕೊಟ್ಟದ್ದು ಒಮ್ಮೆ, ನಾಲ್ಕನೇ ವರ್ಷದಲ್ಲಿ. ಪರದೆ ನಡುಗಲು ಶುರುವಾಯಿತು. ರಿಪೇರಿಯವರೊಬ್ಬರು ಪ್ಯಾನೆಲ್ ಹೋಗಿದೆ, ಪೂರಾ ಬದಲಿಸಬೇಕು ಅಂದರು. ಮನೆಗೆ ತಂದು ಹೊರಗಿನ ಮಾನಿಟರ್ ಜೋಡಿಸಿದೆ, ಅದರಲ್ಲಿ ಚಿತ್ರ ಸರಿಯಾಗಿತ್ತು. ಮುಚ್ಚಳವನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿದೆ. ಒಂದು ಕೋನದಲ್ಲಿ ಮಾತ್ರ ನಡುಕ. ಅಂದರೆ ಹಿಂಜ್‌ನೊಳಗಿಂದ ಹಾಯುವ ಕೇಬಲ್ ಸವೆದಿತ್ತು. ಬೇರೊಬ್ಬರು ಕೇಬಲ್ ಒಂದನ್ನೇ ಬದಲಿಸಿದರು, ಪ್ಯಾನೆಲ್ ಇವತ್ತಿಗೂ ಗಟ್ಟಿ. ನಿಮ್ಮ ಪರದೆ ಕೈಕೊಟ್ಟರೆ ಈ ಎರಡು ಪರೀಕ್ಷೆ ಮಾಡದೆ ಪ್ಯಾನೆಲ್ ಬದಲಿಸಲು ಒಪ್ಪಬೇಡಿ, ದಯವಿಟ್ಟು.

ಮಿನಿ ಎಲ್‌ಇಡಿ ಪರದೆಯನ್ನು (ಬ್ಯಾಕ್‌ಲೈಟ್‌ನಲ್ಲಿ ನೂರಾರು ಪುಟ್ಟ ದೀಪಗಳಿರುವ ಎಲ್‌ಸಿಡಿ) ಗೆಳೆಯರಿಂದ ಹತ್ತು ದಿನ ಪಡೆದು ನೋಡಿದೆ. ಕಣ್ಣು ಕೋರೈಸುವ ಬೆಳಕು, ಬಿಸಿಲಲ್ಲೂ ಓದಬಹುದು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರದ ಸುತ್ತ ಪ್ರಭೆ ಮೂಡುತ್ತದೆ. ಬರ್ನ್-ಇನ್ ಚಿಂತೆ ಇಲ್ಲ. ಹತ್ತು ದಿನದಲ್ಲಿ ಬಾಳಿಕೆ ತಿಳಿಯುವುದಿಲ್ಲವಾದ್ದರಿಂದ ತೂಗಿ ನೋಡಲು ಹೋಗುವುದಿಲ್ಲ.

ಈಗ ಹಗಲಿಡೀ ಕರಡಿಗೆ 3:2 ಐಪಿಎಸ್. ಮುಖಪುಟದ ಬಣ್ಣ ನೋಡಲು, ರಾತ್ರಿ ಸಿನಿಮಾಕ್ಕೆ ಓಎಲ್‌ಇಡಿ. ಒಂದೇ ಕೊಳ್ಳಬೇಕು ಅಂತಾದರೆ ನಾನು ಮತ್ತೆ ಐಪಿಎಸ್ಸೇ ಕೊಳ್ಳುತ್ತೇನೆ: 3:2 ಅಥವಾ 16:10, ಮ್ಯಾಟ್ (ಮಿರುಗದ) ಮೇಲ್ಮೈ, 400 ನಿಟ್ಸ್ ಬೆಳಕು (ನಿಟ್ಸ್ ಅಂದರೆ ಪರದೆಯ ಬೆಳಕಿನ ಅಳತೆ). ದಿನಕ್ಕೆ ಒಂದೆರಡು ಗಂಟೆ ಮಾತ್ರ ಬಳಸುವವರು, ಫೋಟೊ ವಿಡಿಯೊ ಹೆಚ್ಚು ನೋಡುವವರು ಓಎಲ್‌ಇಡಿಯನ್ನು ಅಂಜದೆ ಕೊಳ್ಳಬಹುದು. ಹಳೆಯ ಓಎಲ್‌ಇಡಿ ಯಂತ್ರ ಕೊಳ್ಳುವುದಾದರೆ ಮಾತ್ರ ಒಂದು ಬೂದು ಬಣ್ಣದ ಚಿತ್ರವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಹೋಗಿ. ಅದನ್ನು ಪರದೆ ತುಂಬ ತೆರೆದು, ಟಾಸ್ಕ್‌ಬಾರ್ ಇರುವ ಜಾಗವನ್ನು ಮೊದಲು ನೋಡಿ.