ಎಫ್11 ಒತ್ತಿದರೆ ಕನ್ನಡ ಬರಬೇಕಿತ್ತು, ಬಂದದ್ದು ಚಾರ್ಟ್

ನಮ್ಮೂರಿನ ಹಾಲಿನ ಸೊಸೈಟಿಯ ಲೆಕ್ಕ ಬರೆಯುವುದು ನನ್ನ ಕೆಲಸ, ಎಕ್ಸೆಲ್‌ನಲ್ಲಿ. ಸದಸ್ಯರ ಹೆಸರು ಕನ್ನಡದಲ್ಲಿ ಬೇಕು. ಪಕ್ಕದ ಕಾಲಮ್‌ನಲ್ಲಿ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್, ಅದು ಇಂಗ್ಲಿಷಿನಲ್ಲೇ ಇರಬೇಕು. ಹೀಗಾಗಿ ಒಂದೊಂದು ಸಾಲಿಗೂ ಎರಡೆರಡು ಸಲ ಭಾಷೆ ಬದಲಿಸುತ್ತೇನೆ.

ನನ್ನ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಭಾಷೆ ಬದಲಿಸುವ ಕೀ ಎಫ್11. ಬೆರಳಿಗೆ ಅದೇ ರೂಢಿ. ಒಂದು ದಿನ ಆ ತಂತ್ರಾಂಶ ಶುರುವಾಗಿರಲಿಲ್ಲ, ನಾನು ನೋಡಲೂ ಇಲ್ಲ. ಎಫ್11 ಒತ್ತಿದೆ. ಕನ್ನಡದ ಬದಲು ಒಂದು ಹೊಸ ಹಾಳೆ, ಅದರ ತುಂಬ ಬಣ್ಣದ ಕಂಬಗಳು! ಏನೋ ತಪ್ಪಾಯ್ತು ಅಂತ ವಾಪಸ್ ಬಂದು ಮತ್ತೆ ಒತ್ತಿದೆ. ಇನ್ನೊಂದು ಹಾಳೆ. ಎಕ್ಸೆಲ್‌ಗೆ ಎಫ್11 ಅಂದರೆ ಇರುವ ಅಂಕಿಗಳಿಗೆ ಹೊಸ ಹಾಳೆಯಲ್ಲಿ ಚಾರ್ಟ್ ಮಾಡು ಅಂತ ಅರ್ಥ. ಅಷ್ಟು ವರ್ಷ ಅದು ಗೊತ್ತಾಗದೆ ಇದ್ದದ್ದು ಟೈಪಿಂಗ್ ತಂತ್ರಾಂಶ ಅಡ್ಡ ನಿಂತಿದ್ದರಿಂದ.

ಎರಡನೇ ತಕರಾರು ಆಲ್ಟ್ ಮತ್ತು ಆರ್. ರಿವ್ಯೂ ಟ್ಯಾಬ್‌ಗೆ ಹೋಗಲು ನಾನು ಅವೆರಡನ್ನೂ ಒಟ್ಟಿಗೆ ಒತ್ತುತ್ತೇನೆ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ರಿವ್ಯೂ ಬರುವ ಜಾಗದಲ್ಲಿ ಗೇಮ್ ಆಡುವವರಿಗೆ ಬೇಕಾದ ಒಂದು ಕಪ್ಪು ಪಟ್ಟಿ ತೆರೆಯತೊಡಗಿತು. ಹಾಲಿನ ಲೆಕ್ಕಕ್ಕೂ ಗೇಮಿಗೂ ಏನು ಸಂಬಂಧ ಹೇಳಿ?

ಮೂರನೆಯದು ಸೊಸೈಟಿಯ ಹಳೆಯ ಕಂಪ್ಯೂಟರಿನದು. ಅಲ್ಲಿ ಕನ್ನಡಕ್ಕೆ ಹೋಗುವ ಕೀ ಸ್ಕ್ರಾಲ್ ಲಾಕ್. ಎಕ್ಸೆಲ್‌ನಲ್ಲಿ ಸ್ಕ್ರಾಲ್ ಲಾಕ್ ಆನ್ ಆದರೆ ಬಾಣದ ಕೀ ಒತ್ತಿದಾಗ ಸೆಲ್ ಬದಲಾಗುವುದಿಲ್ಲ, ಇಡೀ ಹಾಳೆಯೇ ಸರಿಯುತ್ತದೆ.

ಮದ್ದು ಹುಡುಕುವ ಮೊದಲು ಒಂದು ವಿಷಯ ಗೊತ್ತಿರಬೇಕು. ವಿಂಡೋಸ್‌ನಲ್ಲಿ ಯಾವ ತಂತ್ರಾಂಶವೂ ಒಂದು ಶಾರ್ಟ್‌ಕಟ್ ತನ್ನದು ಅಂತ ಮೊದಲೇ ನೋಂದಾಯಿಸಿಕೊಳ್ಳಬಹುದು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕಿದ ಹಾಗೆ. ಮೊದಲು ಹಾಕಿದವರದೇ ಸೀಟು. ಎದುರಿಗೆ ತೆರೆದಿರುವುದು ಎಕ್ಸೆಲ್ ಆದರೂ ಆ ಕೀ ಅದರ ತನಕ ಬರುವುದೇ ಇಲ್ಲ. ಹಾಗಾಗಿ ಎಕ್ಸೆಲ್ ಒಳಗೆ ಮಾಡುವ ರಿಪೇರಿ ಇಂಥ ಕಡೆ ಕೆಲಸಕ್ಕೆ ಬಾರದು. ಇದು ತಿಳಿಯುವ ಮೊದಲು ಒಂದು ಭಾನುವಾರ ಪೂರ್ತಿ ಸುಮ್ನೆ ಹಾಳು ಮಾಡಿಕೊಂಡೆ. ಎಕ್ಸೆಲ್ ಒಳಗೆ ನಾವೇ ಬರೆಯುವ ಪುಟ್ಟ ಪ್ರೋಗ್ರಾಂಗೆ ಮ್ಯಾಕ್ರೋ ಅಂತಾರೆ, ಅದರಲ್ಲಿ ಆನ್‌ಕೀ ಎಂಬ ಆಜ್ಞೆ ಬಳಸಿ ಆಲ್ಟ್+ಆರ್‌ಗೆ ಹೊಸ ಕೆಲಸ ಬರೆದೆ, ಆದರೂ ಕಪ್ಪು ಪಟ್ಟಿಯೇ ಬಂತು. ಎಫ್11ಕ್ಕೆ ಅದೇ ಮ್ಯಾಕ್ರೋ ಕೆಲಸ ಮಾಡಿತು, ಯಾಕಂದರೆ ಟೈಪಿಂಗ್ ತಂತ್ರಾಂಶ ಶುರುವಾಗದ ದಿನ ಎಫ್11 ನೇರ ಎಕ್ಸೆಲ್‌ಗೇ ಹೋಗುತ್ತದೆ. ಆದರೆ ಹಾಳೆಯನ್ನು ತಿದ್ದುವ ಮ್ಯಾಕ್ರೋ ಒಮ್ಮೆ ಓಡಿದರೆ ಅದಕ್ಕೂ ಹಿಂದಿನದನ್ನು ಕಂಟ್ರೋಲ್+ಝಡ್ ಒತ್ತಿ ವಾಪಸ್ ತರಲಾಗುವುದಿಲ್ಲ. ಲೆಕ್ಕ ಬರೆಯುವವರಿಗೆ ಆ ಗೊಡವೆ ಬೇಡ.

ಟವೆಲ್ ಯಾರದ್ದು ಅಂತ ಪತ್ತೆ ಮಾಡುವುದೇ ಜಾಸ್ತಿ ಕಷ್ಟ. ನಿರ್‌ಸಾಫ್ಟ್‌ನ ಹಾಟ್‌ಕೀಸ್‌ಲಿಸ್ಟ್ ಎಂಬ ಪುಟ್ಟ ತಂತ್ರಾಂಶ ಯಾವ ಶಾರ್ಟ್‌ಕಟ್‌ಗಳು ಈಗಾಗಲೇ ಹೋಗಿವೆ ಅಂತ ತೋರಿಸುತ್ತದೆ, ಯಾರು ತೆಗೆದುಕೊಂಡರು ಅಂತ ಹೇಳುವುದಿಲ್ಲ. ಕೊನೆಗೆ ಗಡಿಯಾರದ ಪಕ್ಕದ ಐಕಾನ್‌ಗಳನ್ನು ಒಂದೊಂದೇ ಮುಚ್ಚುತ್ತಾ ಹೋದೆ. ನಾಲ್ಕನೆಯದನ್ನು ಮುಚ್ಚಿದಾಗ ರಿವ್ಯೂ ಟ್ಯಾಬ್ ತೆರೆಯಿತು.

ಆಮೇಲೆ ಮಾಡಿದ್ದು ತೀರಾ ಸಪ್ಪೆ ಕೆಲಸ. ಆ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲೇ ಶಾರ್ಟ್‌ಕಟ್ ಅಳಿಸಿಹಾಕಿದೆ, ಎರಡೇ ನಿಮಿಷ. ಇಂಥ ಅವಕಾಶ ಇದ್ದರೆ ಮುಂದಿನದು ಯಾವುದೂ ಬೇಡ. ಆದರೆ ಎಲ್ಲ ತಂತ್ರಾಂಶಗಳೂ ಈ ಅವಕಾಶ ಕೊಡುವುದಿಲ್ಲ, ಮತ್ತೆ ಅಪ್‌ಡೇಟ್ ಬಂದಾಗ ಸೆಟ್ಟಿಂಗ್ ಹಳೆಯದಕ್ಕೆ ಮರಳುವುದೂ ಉಂಟು. ನನಗೆ ಹಾಗೇ ಆಯ್ತು. ಅದಕ್ಕೇ ಕೀಗಳ ಕೆಲಸ ಬದಲಿಸುವ ಪವರ್‌ಟಾಯ್ಸ್ ಮತ್ತು ಆಟೋಹಾಟ್‌ಕೀ ಎಂಬ ತಂತ್ರಾಂಶ ಎರಡನ್ನೂ ಹಾಕಿ ನೋಡಿದೆ.

ಪವರ್‌ಟಾಯ್ಸ್ ಮೈಕ್ರೋಸಾಫ್ಟ್‌ನದೇ, ಉಚಿತ. ಅದರಲ್ಲಿ ಕೀಬೋರ್ಡ್ ಮ್ಯಾನೇಜರ್ ಅಂತ ಒಂದು ಭಾಗ ಇದೆ. ಎಡಗಡೆ ಒತ್ತುವ ಕೀ, ಬಲಗಡೆ ಆಗಬೇಕಾದ ಕೀ, ಪಕ್ಕದಲ್ಲಿ ಯಾವ ತಂತ್ರಾಂಶಕ್ಕೆ ಮಾತ್ರ ಅಂತ ಬರೆಯುವ ಜಾಗ. ಸೊಸೈಟಿಯ ಕಾರ್ಯದರ್ಶಿಗೂ ಕಲಿಸಬಹುದು, ಅಷ್ಟು ಸುಲಭ. ಆದರೆ ನಾನು ಬಳಸಿದ ಆವೃತ್ತಿಯಲ್ಲಿ ಎರಡು ಕಡೆ ಸಿಕ್ಕಿಹಾಕಿಕೊಂಡೆ. ಕಂಟ್ರೋಲ್, ಆಲ್ಟ್, ಶಿಫ್ಟ್ ಅಥವಾ ವಿಂಡೋಸ್ ಕೀ ಜೊತೆಗಿದ್ದರೆ ಮಾತ್ರ ಒಂದೇ ತಂತ್ರಾಂಶಕ್ಕೆ ಸೀಮಿತ ಮಾಡಬಹುದು. ಎಫ್11 ಒಂಟಿ ಕೀ. ಅದನ್ನು ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ, ಬ್ರೌಸರಿನಲ್ಲಿ ಪೂರ್ತಿ ಪರದೆ ಮಾಡುವ ಎಫ್11 ಕೂಡ ಹೋಗುತ್ತದೆ. ಇನ್ನೊಂದು, ಬೇರೆ ಕೀ ಒತ್ತಿದಾಗ ಆಲ್ಟ್+ಆರ್ ಕಳಿಸು ಅಂತ ಹೇಳಿ ನೋಡಿದೆ. ಕಳಿಸಿತು ನಿಜ, ಅದನ್ನೂ ಆ ಕಪ್ಪು ಪಟ್ಟಿಯೇ ಹಿಡಿದುಕೊಂಡಿತು!

ಆಟೋಹಾಟ್‌ಕೀ ಬೇರೆ ಜಾತಿಯದು. ಅದರಲ್ಲಿ ಒತ್ತಲು ಬಟನ್‌ಗಳಿಲ್ಲ, ನೋಟ್‌ಪ್ಯಾಡ್‌ನಲ್ಲಿ ಸಾಲುಗಳನ್ನು ಬರೆಯಬೇಕು. ಮೊದಲ ಸಾಲಲ್ಲಿ ಎದುರಿಗೆ ಇರುವುದು ಎಕ್ಸೆಲ್ ಆಗಿದ್ದರೆ ಮಾತ್ರ ಅಂತ ಷರತ್ತು, ಅದರ ಕೆಳಗೆ ಒಂದೊಂದು ಕೀಗೆ ಒಂದೊಂದು ಸಾಲು. ನನ್ನದು ಒಟ್ಟು ಮೂರು ಸಾಲು. ಇಂಥ ಷರತ್ತು ಹಾಕಿದಾಗ ಅದು ಕೀಬೋರ್ಡಿನ ಬಾಗಿಲಲ್ಲೇ ನಿಲ್ಲುತ್ತದೆ, ನೋಂದಾಯಿಸಿಕೊಂಡವರಿಗಿಂತ ಮೊದಲು ಕೀ ಇದರ ಕೈಗೆ ಸಿಗುತ್ತದೆ. ಆಲ್ಟ್+ಆರ್ ಒತ್ತಿದರೆ ಆಲ್ಟ್ ಒತ್ತಿ ಬಿಟ್ಟು, ಆಮೇಲೆ ಆರ್ ಕಳಿಸು ಅಂತ ಬರೆದೆ. ರಿವ್ಯೂ ಬಂತು. ಎಫ್11 ಒತ್ತಿದರೆ ವಿಂಡೋಸ್‌ನಲ್ಲಿ ಭಾಷೆ ಬದಲಿಸುವ ವಿಂಡೋಸ್+ಸ್ಪೇಸ್ ಕಳಿಸು ಅಂತ ಬರೆದೆ. ಬ್ರೌಸರಿನ ಎಫ್11 ಹಾಗೇ ಉಳಿಯಿತು.

ಅಂದ ಹಾಗೆ, ಆ ಸಾಲು ಬರೆಯುವಾಗಲೇ ಒಂದು ಗುಟ್ಟು ಹೊಳೆಯಿತು. ಎಕ್ಸೆಲ್‌ನ ರಿಬ್ಬನ್‌ಗೆ, ಅಂದರೆ ಮೇಲಿನ ಟ್ಯಾಬ್‌ಗಳ ಪಟ್ಟಿಗೆ, ಕೀಗಳನ್ನು ಒಟ್ಟಿಗೆ ಒತ್ತಬೇಕಿಲ್ಲ. ಆಲ್ಟ್ ಒತ್ತಿ ಬಿಡಿ, ಆಮೇಲೆ ಆರ್ ಒತ್ತಿ. ಯಾರ ಟವೆಲೂ ಅಡ್ಡ ಬರುವುದಿಲ್ಲ. ಏನೂ ಇನ್‌ಸ್ಟಾಲ್ ಮಾಡಲು ಬಿಡದ ಆಫೀಸುಗಳಲ್ಲಿ ಇದೇ ದೊಡ್ಡ ಮದ್ದು. ದಿನಾ ಬೇಕಾದ ಆಜ್ಞೆಗಳನ್ನು ಕ್ವಿಕ್ ಆಕ್ಸೆಸ್ ಟೂಲ್‌ಬಾರಿಗೆ ಹಾಕಿಕೊಂಡರೆ ಆಲ್ಟ್+1, ಆಲ್ಟ್+2 ಹೀಗೆ ಸಿಗುತ್ತವೆ. ನಾನು ಫಿಲ್ಟರ್‌ಗೆ ಒಂದನೇ ಜಾಗ ಕೊಟ್ಟಿದ್ದೇನೆ.

ಆಟೋಹಾಟ್‌ಕೀಯ ತೊಂದರೆಯೂ ಹೇಳಿಬಿಡುತ್ತೇನೆ. ಆ ಸಾಲುಗಳ ಫೈಲನ್ನು (ಸ್ಕ್ರಿಪ್ಟ್), ವಿಂಡೋಸ್ ಜೊತೆ ತಾನೇ ಶುರುವಾಗಲಿ ಅಂತ, ಸ್ಟಾರ್ಟಪ್ ಫೋಲ್ಡರಿನಲ್ಲಿ ಇಡಲು ಮರೆತರೆ ಮತ್ತೆ ಚಾರ್ಟ್‌ಗಳ ಮೆರವಣಿಗೆ. ಕೆಲವು ಆಂಟಿವೈರಸ್‌ಗಳು ಇಂಥ ಸ್ಕ್ರಿಪ್ಟ್‌ಗಳನ್ನು ಅನುಮಾನದಿಂದ ನೋಡುತ್ತವೆ. ಹಳೆಯ ಆವೃತ್ತಿಗೆ ಬರೆದ ಸಾಲುಗಳನ್ನು ಎರಡನೇ ಆವೃತ್ತಿ ಎಷ್ಟೋ ಸಲ ಒಪ್ಪುವುದಿಲ್ಲ, ಇಂಟರ್‌ನೆಟ್‌ನಲ್ಲಿ ಸಿಗುವುದರಲ್ಲಿ ಎರಡೂ ಕಲಸಿಹೋಗಿವೆ.

ಎಕ್ಸೆಲ್‌ನಂಥದೇ ಇನ್ನೊಂದು ತಂತ್ರಾಂಶ ಲಿಬ್ರೆಆಫೀಸ್ ಕ್ಯಾಲ್ಕ್ ಕೂಡ ನೋಡಿದೆ. ಅದರಲ್ಲಿ ಟೂಲ್ಸ್, ಕಸ್ಟಮೈಸ್, ಕೀಬೋರ್ಡ್ ಅಂತ ಹೋಗಿ ಬಹುತೇಕ ಎಲ್ಲ ಶಾರ್ಟ್‌ಕಟ್‌ಗಳನ್ನೂ ಬದಲಿಸಬಹುದು. ಎಕ್ಸೆಲ್‌ನಲ್ಲಿ ಆ ಭಾಗ್ಯ ಇಲ್ಲ. ಆದರೂ ಟವೆಲಿನ ಕಥೆ ಅಲ್ಲೂ ಒಂದೇ.

ವಿಂಡೋಸ್+ಸ್ಪೇಸ್ ಯಾಕೆ ಅಂದರೆ, ನಾನು ವಿಂಡೋಸ್‌ನದೇ ಕನ್ನಡ ಕೀಬೋರ್ಡಿಗೆ ಬಂದೆ. 2019ರಿಂದ ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವ ಫೋನೆಟಿಕ್ ವಿನ್ಯಾಸ ಸಿಗುತ್ತದೆ. ಬೇರೆ ತಂತ್ರಾಂಶ ಓಡಬೇಕಿಲ್ಲ, ಹಾಗಾಗಿ ಅರ್ಧ ಜಗಳ ತಾನೇ ಮುಗಿಯಿತು. ಹಳೆಯ ಕನ್ನಡ ತಂತ್ರಾಂಶಗಳಲ್ಲಿರುವ ಕೆ.ಪಿ. ರಾವ್ ಕೀಬೋರ್ಡ್ ವಿನ್ಯಾಸದಲ್ಲಿ ಪಳಗಿದವರಿಗೆ ಮಾತ್ರ ಮೊದಲ ವಾರ ಕೈ ತಡವರಿಸುತ್ತದೆ. ನನಗೂ ತಡವರಿಸಿತು, ಎರಡು ಸಲ ಹಳೆಯದಕ್ಕೆ ವಾಪಸ್ ಹೋಗಿಯೂ ಬಂದೆ.

ಸೊಸೈಟಿಯ ಕಂಪ್ಯೂಟರಿಗೆ ಮಾತ್ರ ಇದು ಒಗ್ಗಲಿಲ್ಲ. ಅಲ್ಲಿನ ಹಳೆಯ ಫೈಲುಗಳು ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ, ಹಳೇ ಫಾಂಟಿನವು. ವಿಂಡೋಸ್ ಕೀಬೋರ್ಡಿನಲ್ಲಿ ಹೊಡೆದದ್ದು ಅವುಗಳ ಜೊತೆ ಹೊಂದುವುದಿಲ್ಲ, ಹೆಸರು ಹುಡುಕಿದರೆ ಸಿಗುವುದಿಲ್ಲ. ಸ್ಕ್ರಾಲ್ ಲಾಕ್ ದೀಪ ಒಂದೇ, ಅದನ್ನು ಟೈಪಿಂಗ್ ತಂತ್ರಾಂಶಕ್ಕೆ ಬೇರೆ, ಎಕ್ಸೆಲ್‌ಗೆ ಬೇರೆ ಅಂತ ಹಂಚುವ ಸ್ಕ್ರಿಪ್ಟ್ ನನ್ನ ಕೈಲಿ ಆಗಲಿಲ್ಲ. ಅಲ್ಲಿ ಬಾಣದ ಕೀ ಬಿಟ್ಟಿದ್ದೇನೆ. ಸ್ಕ್ರಾಲ್ ಲಾಕ್ ಆನ್ ಇದ್ದರೂ ಟ್ಯಾಬ್ ಮತ್ತು ಎಂಟರ್ ಸರಿಯಾಗೇ ಸೆಲ್‌ನಿಂದ ಸೆಲ್‌ಗೆ ಹೋಗುತ್ತವೆ. ಹೆಸರು, ಟ್ಯಾಬ್, ಕೋಡ್, ಎಂಟರ್.