ಜಪಾನಿನ ಕೊಗಿನ್ ಹೊಲಿಗೆ ಕಲಿಸುತ್ತೇವೆ ಎನ್ನುವವರಿಗೆ ಹಣ ಕಟ್ಟುವ ಮುಂಚೆ ಓದಿ

4,800 ರೂಪಾಯಿ ಹೋಯಿತು. ಹೋಗಲಿ. ನನ್ನ ಮಾತು ನಂಬಿ ನಾದಿನಿಯೂ ಅಷ್ಟೇ ಕಟ್ಟಿದಳಲ್ಲ, ಅವಳಿಗೆ ಮುಖ ತೋರಿಸುವುದು ಹೇಗೆ?

ಧಾರವಾಡದ ಮನೆಯಲ್ಲಿ ಕಸೂತಿ ನೋಡುತ್ತ ಬೆಳೆದವಳು ನಾನು. ಅದರ ನೇಗಿ ಹೊಲಿಗೆ ಹಾಕುವಾಗ ಎಳೆ ಎಣಿಸಿ ಎಣಿಸಿ ಕಣ್ಣು ಸೋತವಳು. ಜಪಾನಿನ ಅವೊಮೊರಿಯಲ್ಲೂ ಎಳೆ ಎಣಿಸುವ ಕೊಗಿನ್ ಇದೆ ಎಂದು ತಿಳಿದಾಗಿನಿಂದ ಆಸೆ. ರೈತರು ಹತ್ತಿಬಟ್ಟೆ ತೊಡುವಂತಿಲ್ಲ ಎಂಬ ಕಟ್ಟಳೆಯಿದ್ದ ಕಾಲದಲ್ಲಿ ಅಲ್ಲಿನ ತ್ಸುಗರು ಸೀಮೆಯ ರೈತ ಹೆಂಗಸರು ನೀಲಿ ನಾರುಬಟ್ಟೆಯ ಸಂದುಗಳನ್ನು ನೂಲಿನಿಂದ ತುಂಬಿ ಚಳಿ ತಡೆದ ಹೊಲಿಗೆ ಅದು.

ತರಗತಿಯ ಜಾಹೀರಾತಿನಲ್ಲಿ ಕೊಗಿನ್ ಜೊತೆಗೆ ಜಪಾನಿನವೇ ಆದ ಹಿಶಿಜಾಶಿ, ಸಶಿಕೊ ಹೊಲಿಗೆಗಳೂ ಇದ್ದವು. ಆರು ವಾರ ನೇರ ತರಗತಿ, ಸಾಮಗ್ರಿ ಮನೆಗೇ.

ಪಾರ್ಸೆಲ್ ಒಡೆದೆ. ಕಡುನೀಲಿ ಪಾಪ್ಲಿನ್ ತುಂಡು, ಅದರ ಮೇಲೆ ಬಿಳಿ ಗೆರೆಯಲ್ಲಿ ಅಚ್ಚಾದ, ಅಸನೊಹ ಎಂಬ ನಕ್ಷತ್ರದಂತಹ ನಕ್ಷೆ. ಚೀಟಿಯಲ್ಲಿ 'ಕೊಗಿನ್'! ಅಸನೊಹದಂತಹ ಗೆರೆ ಹಿಡಿದು ಹೊಲಿಯುವುದು ಸಶಿಕೊ. ಕೊಗಿನ್‌ಗೆ ಗೆರೆಯೇ ಇಲ್ಲ, ಎಳೆ ಎಣಿಸಬೇಕು. ಪಾಪ್ಲಿನ್‌ನಲ್ಲಿ ನೇಯ್ಗೆ ಬಲು ಒತ್ತು, ಎಣಿಸುವುದು ಏನನ್ನು? ಕನ್ನಡಕದ ಮುಂದೆ ಭೂತಗನ್ನಡಿ ಹಿಡಿದು ಕುಳಿತೆ. ಮೊಂಡು ಸೂಜಿ ಒಳಗಿಳಿಯಲೇ ಇಲ್ಲ. ಆಗಲೂ ಬುದ್ಧಿ ಬರಲಿಲ್ಲ ನನಗೆ. ತರಗತಿಯಲ್ಲಿ ಹೇಳಿಕೊಡುತ್ತಾರೆ ಎಂದುಕೊಂಡೆ.

ನೇರ ತರಗತಿ ಎಂದದ್ದು ಹಳೆಯ ವಿಡಿಯೊ. ವಾಟ್ಸಾಪಿನಲ್ಲಿ ಕೇಳಿದೆ: "ಕೊಗಿನ್‌ಗೆ ಬೆಸ ಎಳೆ, ಹಿಶಿಜಾಶಿಗೆ ಸಮ ಎಳೆ ಅಲ್ಲವೇ? ಇದರಲ್ಲಿ ಹೇಗೆ ಎಣಿಸಲಿ?"

"ಎಣಿಸುವುದು ಬೇಡ ಮೇಡಂ, ಗೆರೆಯ ಮೇಲೆ ಹೋಗಿ. ಎರಡೂ ಒಂದೇ."

ಎರಡೂ ಒಂದೇ! ಕೊಗಿನ್‌ನ ವಜ್ರಾಕೃತಿ ನಿಂತ ಹಾಗೆ, ಹಿಶಿಜಾಶಿಯದು ಮಲಗಿದ ಹಾಗೆ. ಕಸೂತಿಯ ಗವಂತಿ ಹೊಲಿಗೆಯೂ ಮುರುಗಿ ಹೊಲಿಗೆಯೂ ಒಂದೇ ಎಂದು ನಮ್ಮ ಅಜ್ಜಿಯ ಮುಂದೆ ಹೇಳಿದ್ದರೆ ಸೂಜಿ ಹಿಡಿದೇ ಎದ್ದು ಬರುತ್ತಿದ್ದಳು.

ಹಣ ಕೇಳಿದೆ. "ಪಾರ್ಸೆಲ್ ಒಡೆದ ಮೇಲೆ ವಾಪಸ್ ಇಲ್ಲ." ಮತ್ತೆ ಬರೆದೆ. "ನಿಮಗೆ ಇಷ್ಟೆಲ್ಲ ಗೊತ್ತಿದೆಯಲ್ಲ ಮೇಡಂ, ಮುಂದಿನ ಹಂತಕ್ಕೇ ಸೇರಿ. 500 ರೂಪಾಯಿ ರಿಯಾಯಿತಿ ಕೊಡುತ್ತೇವೆ." ರಿಯಾಯಿತಿಯಂತೆ! ಮೂರನೆಯ ಸಲ ಬರೆದದ್ದಕ್ಕೆ ಕೈಮುಗಿದ ಚಿತ್ರವೊಂದು ಬಂತು. ಸಂಜೆಯೊಳಗೆ ನನ್ನನ್ನು ಗುಂಪಿನಿಂದಲೇ ತೆಗೆದರು.

ಕಲಿಯುವ ಮನಸ್ಸಿದ್ದರೆ ಮೊದಲು ಬಟ್ಟೆಯ ಹತ್ತಿರದ ಫೋಟೊ ಕೇಳಿ. ಎಳೆ ಬಿಡಿಬಿಡಿಯಾಗಿ ಕಾಣಬೇಕು. ಬೆಸವೋ ಸಮವೋ ಎಂದು ಕೇಳಿ. ತಡವರಿಸಿದರೆ ಕಟ್ಟಬೇಡಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ.

ನಾದಿನಿಯ ಪಾರ್ಸೆಲ್ ಇನ್ನೂ ದಾರಿಯಲ್ಲಿದೆ. ಬಂದರೆ ಒಡೆಯಬೇಡ ಎಂದು ಬೆಳಿಗ್ಗೆಯೇ ಫೋನ್ ಮಾಡಿದ್ದೇನೆ. ಯಾಕೆ ಎಂದು ಕೇಳಿದಳು. ಇನ್ನೂ ಹೇಳಿಲ್ಲ.